ಜೂಮ್ ಎಷ್ಟಿರಬೇಕು, ಎಲ್ಲಿ ಬೇಡ

ರಜೆಯ ದಿನಗಳು ಸಮೀಪಿಸಿದವೆಂದರೆ ನನಗೆ ಬರುವ ದೂರವಾಣಿ ಕರೆಗಳಲ್ಲಿ ಒಂದು ಬಗೆಯವು ಹೆಚ್ಚುತ್ತವೆ. "ಮೇಷ್ಟ್ರೇ, ಕಾಶಿಗೆ ಹೊರಟಿದ್ದೇವೆ, ಯಾವ ಕ್ಯಾಮೆರಾ ಕೊಳ್ಳಲಿ?" ಎಂದು ಹಳೆಯ ವಿದ್ಯಾರ್ಥಿಗಳು ಕೇಳುತ್ತಾರೆ. "ದೊಡ್ಡಪ್ಪ, 10 ಪಟ್ಟಿನ ಜೂಮ್ ಸಾಕೋ, 30 ಪಟ್ಟಿನದೇ ಬೇಕೋ?" ಎಂದು ಬಂಧುಗಳ ಮಕ್ಕಳು ಕೇಳುತ್ತಾರೆ. ಪೀನ ಮಸೂರ, ನಿಮ್ನ ಮಸೂರಗಳನ್ನು ಮೂರು ದಶಕ ಬೋಧಿಸಿದ ಮೇಷ್ಟ್ರಿಗೆ ಕ್ಯಾಮೆರಾ ಅಂಗಡಿಯ ವ್ಯವಹಾರವೂ ತಿಳಿದಿರಲೇಬೇಕೆಂಬುದು ಅವರ ನಂಬಿಕೆ. ಆ ನಂಬಿಕೆಗೆ ನಾನು ಪೂರ್ಣವಾಗಿ ಅರ್ಹನಲ್ಲದಿದ್ದರೂ, ಪುಟ್ಟ ಜೂಮ್ ಕ್ಯಾಮೆರಾವನ್ನು ಹೆಗಲಿಗೇರಿಸಿಕೊಂಡು ಅಷ್ಟಿಷ್ಟು ಊರು ಸುತ್ತಿದವನಾದುದರಿಂದ ಒಂದು ಅಭಿಪ್ರಾಯವಂತೂ ಇದೆ. ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವುದರ ಬದಲು ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಅಭಿಪ್ರಾಯ ಇಷ್ಟೇ: ನಾವು ಹತ್ತಿರ ಹೋಗಲಾರದ ವಸ್ತುವಿಗಾಗಿ ಜೂಮ್ ಇದೆ. ಹತ್ತಿರ ಹೋಗಲು ಸೋಮಾರಿತನವೋ ಸಂಕೋಚವೋ ಅಡ್ಡಬಂದಾಗ ಅದನ್ನು ಬಳಸಬಾರದು. ಕೊಳ್ಳುವಾಗಲೂ ಬಳಸುವಾಗಲೂ ಈ ಒಂದು ಮಾತನ್ನು ನೆನಪಿಟ್ಟುಕೊಂಡರೆ ಉಳಿದ ಪ್ರಶ್ನೆಗಳು ಬಹುಮಟ್ಟಿಗೆ ತಾವಾಗಿಯೇ ಬಗೆಹರಿಯುತ್ತವೆ.

ಮೊದಲಿಗೆ ನ್ಯಾಯವಾಗಿ ಕೇಳಬೇಕಾದ ಪ್ರಶ್ನೆ, ಕೈಯಲ್ಲಿ ಫೋನು ಇರುವಾಗ ಬೇರೊಂದು ಕ್ಯಾಮೆರಾ ಏಕೆ ಎಂಬುದು. ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಕಾರ್ಖಾನೆಗಳಿಂದ ಹೊರಟ ಡಿಜಿಟಲ್ ಕ್ಯಾಮೆರಾಗಳ ಸಂಖ್ಯೆ 12 ಕೋಟಿಯನ್ನು ದಾಟಿತ್ತು. 2023ರಲ್ಲಿ ಅದು ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಜನ ಮೂರ್ಖರಲ್ಲ. ಮನೆಯವರ ಮುಖ, ಊಟದೆಲೆ, ರೈಲಿನ ಕಿಟಕಿ, ಸಂಜೆಯ ದೀಪ ಇವುಗಳಿಗೆ ಇಂದಿನ ಒಳ್ಳೆಯ ಫೋನು ಧಾರಾಳವಾಗಿ ಸಾಕು. ಕತ್ತಲಿನಲ್ಲಂತೂ ಅದು ಹಲವು ಚಿತ್ರಗಳನ್ನು ಒಂದಾಗಿ ಬೆರೆಸಿ, ಅಗ್ಗದ ಪುಟ್ಟ ಕ್ಯಾಮೆರಾಗಳನ್ನು ನಾಚಿಸುತ್ತದೆ. ಇಷ್ಟರಲ್ಲಿಯೇ ನಿಮ್ಮ ಪ್ರವಾಸ ಮುಗಿಯುವುದಾದರೆ ಹಣ ಉಳಿಸಿಕೊಳ್ಳಿ. ಆ ಹಣದಲ್ಲಿ ಇನ್ನೆರಡು ದಿನ ಹೆಚ್ಚಾಗಿ ಊರು ನೋಡಿ.

ಫೋನು ಸೋಲುವುದು ದೂರದಲ್ಲಿ. ದುಬಾರಿ ಫೋನುಗಳಲ್ಲಿ ದೂರಕ್ಕೆಂದೇ ಇಟ್ಟಿರುವ ಪ್ರತ್ಯೇಕ ಲೆನ್ಸು ಸಾಮಾನ್ಯವಾಗಿ ಮೂರು ಪಟ್ಟು ಅಥವಾ ಐದು ಪಟ್ಟು ಹಿಗ್ಗಿಸುತ್ತದೆ. ಅದರಾಚೆಗೆ ಬೆರಳುಗಳನ್ನು ಅಗಲಿಸಿದಂತೆಲ್ಲ ನಡೆಯುವುದು ಕತ್ತರಿಯ ಕೆಲಸ. ಚಿತ್ರದ ನಡುಭಾಗವನ್ನು ಕತ್ತರಿಸಿ, ಹಿಗ್ಗಿಸಿ, ಇಲ್ಲದ ವಿವರವನ್ನು ಲೆಕ್ಕಾಚಾರದಿಂದ ತುಂಬಲಾಗುತ್ತದೆ. ಡಿಜಿಟಲ್ ಜೂಮ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುವುದು ಕೂಡ ಇದನ್ನೇ. ಕ್ಯಾಮೆರಾ ಕೊಳ್ಳುವಾಗ ಆ ಸಂಖ್ಯೆಯನ್ನು ಓದದೆ ಮುಂದೆ ಹೋಗಿ. ನೋಡಬೇಕಾದುದು ಆಪ್ಟಿಕಲ್ ಜೂಮ್. ಅಂದರೆ ಮಸೂರಗಳೇ ಹಿಂದೆ ಮುಂದೆ ಸರಿದು ನಾಭಿದೂರವನ್ನು ಬದಲಾಯಿಸುವ ಬಗೆ.

ಎಂಟನೆಯ ತರಗತಿಯ ಲೆಕ್ಕದಂತೆ ನೋಡೋಣ. ಜೂಮಿನ ಪಟ್ಟು ಎಂದರೆ ಅತಿ ದೊಡ್ಡ ನಾಭಿದೂರವನ್ನು ಅತಿ ಚಿಕ್ಕ ನಾಭಿದೂರದಿಂದ ಭಾಗಿಸಿದಾಗ ಬರುವ ಭಾಗಲಬ್ಧ. ಹಳೆಯ ಫಿಲ್ಮ್ ಕ್ಯಾಮೆರಾದ ಅಳತೆಗೆ ಪರಿವರ್ತಿಸಿ 24ರಿಂದ 720 ಮಿಲಿಮೀಟರ್ ಎಂದು ಬರೆದಿದ್ದರೆ ಅದು 30 ಪಟ್ಟು. ಆದರೆ ಭಾಗಲಬ್ಧವೊಂದನ್ನೇ ನೋಡುವವರು ಮೋಸಹೋಗುತ್ತಾರೆ. ಪ್ಯಾನಸಾನಿಕ್ ಕಂಪನಿ ಪ್ರವಾಸಿಗರಿಗೆಂದೇ 2006ರಲ್ಲಿ ತಂದ ಟಿಝಡ್1 ಮಾದರಿಯಲ್ಲಿ 35ರಿಂದ 350, ಅಂದರೆ 10 ಪಟ್ಟಿನ ಜೂಮ್ ಇತ್ತು. ಮರುವರ್ಷದ ಮಾದರಿಯಲ್ಲಿಯೂ 10 ಪಟ್ಟೇ. ಆದರೆ ಅದು 28ರಿಂದ 280. ಪಟ್ಟು ಬದಲಾಗಲಿಲ್ಲ, ಕ್ಯಾಮೆರಾದ ನೋಟವೇ ಬದಲಾಯಿತು. ಇಕ್ಕಟ್ಟಾದ ಪ್ರಾಕಾರದಲ್ಲಿ ಗೋಡೆಗೆ ಬೆನ್ನು ತಾಗಿಸಿ ನಿಂತವನಿಗೆ ಹಿಂದೆ ಸರಿಯಲು ಜಾಗವಿರುವುದಿಲ್ಲ. ಅವನಿಗೆ ಬೇಕಾದುದು ಚಿಕ್ಕ ಸಂಖ್ಯೆ. ಆದುದರಿಂದ ಮೊದಲ ಸಂಖ್ಯೆ 24 ಅಥವಾ 25ರಿಂದ ಆರಂಭವಾಗಲಿ. ಎರಡನೆಯದು 200ನ್ನು ದಾಟಿದ ಮೇಲೆ ಎಷ್ಟಿದ್ದರೂ ಅದು ನಿಮ್ಮ ಅಗತ್ಯಕ್ಕೆ ಸೇರಿದ್ದು.

ಮೆಗಾಪಿಕ್ಸೆಲ್ ವಿಷಯದಲ್ಲಿ ಒಂದು ಗುಣಾಕಾರ ಸಾಕು. 10 ಅಂಗುಲ ಉದ್ದ, 8 ಅಂಗುಲ ಅಗಲದ ಚಿತ್ರವನ್ನು ಅಂಗುಲಕ್ಕೆ 300 ಬಿಂದುಗಳಂತೆ ಅಚ್ಚು ಹಾಕಿಸಬೇಕಾದರೆ 3000ವನ್ನು 2400ರಿಂದ ಗುಣಿಸಬೇಕು. ಬರುವುದು 72 ಲಕ್ಷ ಬಿಂದುಗಳು, ಅಂದರೆ 7.2 ಮೆಗಾಪಿಕ್ಸೆಲ್. ಇಂದು ಮಾರುಕಟ್ಟೆಯಲ್ಲಿರುವ ಪ್ರವಾಸಿ ಕ್ಯಾಮೆರಾಗಳು ಸುಮಾರು 20ನ್ನು ಕೊಡುತ್ತವೆ. ಸಾಲದೆಂಬ ಚಿಂತೆ ಬೇಡ, ಹೆಚ್ಚಿರುವುದಕ್ಕೆ ಹಣ ತೆರುವುದೂ ಬೇಡ.

ವಿಚಾರ ಮಾಡಬೇಕಾದುದು ಬೆಳಕನ್ನು ಹಿಡಿಯುವ ಸೆನ್ಸರಿನ ಗಾತ್ರವನ್ನು. ಉದ್ದ ಜೂಮಿನ ಪುಟ್ಟ ಕ್ಯಾಮೆರಾಗಳಲ್ಲಿರುವ ಸೆನ್ಸರು ಸುಮಾರು 6.2 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಅಗಲ, ತೊಗರಿಬೇಳೆಯಷ್ಟು ಎನ್ನಿ. ಇನ್ನೊಂದು ಬಗೆಯಲ್ಲಿ ಅದು 13.2 ಮತ್ತು 8.8 ಮಿಲಿಮೀಟರ್. ಇದನ್ನು ಒಂದಂಗುಲದ ಸೆನ್ಸರು ಎಂದು ಕರೆಯುವುದು ಹಳೆಯ ಟೆಲಿವಿಷನ್ ಕೊಳವೆಗಳ ಕಾಲದಿಂದ ಉಳಿದುಬಂದ ರೂಢಿ. ಅಳೆದರೆ ಎಲ್ಲಿಯೂ ಒಂದಂಗುಲ ಸಿಗುವುದಿಲ್ಲ. ಕ್ಷೇತ್ರಫಲದಲ್ಲಿ ಇದು ಮೊದಲನೆಯದರ ನಾಲ್ಕು ಪಟ್ಟು. ಮಬ್ಬು ಬೆಳಕಿನಲ್ಲಿ ಚಿತ್ರ ಮರಳು ಮರಳಾಗದಿರುವುದು ಇದರಿಂದ. ಆದರೆ ಪ್ರಕೃತಿ ಎರಡು ವರಗಳನ್ನೂ ಒಟ್ಟಿಗೆ ಕೊಡುವುದಿಲ್ಲ. ಸೆನ್ಸರು ದೊಡ್ಡದಾದಂತೆ ಅದಕ್ಕೆ ತಕ್ಕ ಲೆನ್ಸೂ ದೊಡ್ಡದಾಗಬೇಕು, ಜೇಬಿನಲ್ಲಿ ಹಿಡಿಸಬೇಕಾದರೆ ಜೂಮ್ ಕಡಿಮೆಯಾಗಬೇಕು. 2016ರ ಪ್ಯಾನಸಾನಿಕ್ ಟಿಝಡ್100 ಮಾದರಿಯಲ್ಲಿ ದೊಡ್ಡ ಸೆನ್ಸರಿನೊಡನೆ 25ರಿಂದ 250ರವರೆಗಿನ ಜೂಮ್ ಇದ್ದರೆ, 2018ರ ಕ್ಯಾನನ್ ಎಸ್ಎಕ್ಸ್740ರಲ್ಲಿ ಸಣ್ಣ ಸೆನ್ಸರಿನೊಡನೆ 24ರಿಂದ 960. ದೊಡ್ಡ ಸೆನ್ಸರಿನದಕ್ಕೆ ಬೆಲೆಯೂ ಹೆಚ್ಚು.

ಯಾರಿಗೆ ಯಾವುದು? ದೇಗುಲ, ಮ್ಯೂಸಿಯಂ, ಹಳೆಯ ಪೇಟೆಬೀದಿ ನೋಡುವವರಿಗೆ ದೊಡ್ಡ ಸೆನ್ಸರು, 10 ಪಟ್ಟಿನ ಜೂಮ್. ಹಕ್ಕಿ, ಕಾಡು, ಬೆಟ್ಟದ ಮೇಲಿಂದ ಕಾಣುವ ನೋಟ ಇವುಗಳಲ್ಲಿ ಆಸಕ್ತಿಯುಳ್ಳವರಿಗೆ ಸಣ್ಣ ಸೆನ್ಸರು, 30 ಪಟ್ಟಿನ ಜೂಮ್. ಇಷ್ಟರ ಮೇಲೆ ನನ್ನ ವಯಸ್ಸಿನವರಿಗೆ ಒಂದು ಕಿವಿಮಾತು. ಕಣ್ಣಿಟ್ಟು ನೋಡುವ ಪುಟ್ಟ ಕಿಂಡಿ ಇರುವ ಕ್ಯಾಮೆರಾ ಸಿಕ್ಕರೆ ಬಿಡಬೇಡಿ. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣಿಸುವುದಿಲ್ಲ. ಕಿಂಡಿಯಲ್ಲಾದರೆ ಚಾಳೀಸಿನ ದೃಷ್ಟಿಗೆ ತಕ್ಕಂತೆ ತಿರುಗಿಸಿಕೊಳ್ಳುವ ವ್ಯವಸ್ಥೆಯೂ ಇರುತ್ತದೆ. ಹಣೆಗೆ ಒತ್ತಿ ಹಿಡಿಯುವುದರಿಂದ ಕೈ ನಡುಕವೂ ತಗ್ಗುತ್ತದೆ. ಪ್ಯಾನಸಾನಿಕ್‌ನ 2019ರ ಟಿಝಡ್95ರಲ್ಲಿ ಈ ಕಿಂಡಿಯಿತ್ತು. 2025ರಲ್ಲಿ ಬಂದ ಟಿಝಡ್99ರಲ್ಲಿ ಹೊಸ ಬಗೆಯ ಚಾರ್ಜರ್ ತೂತು ಬಂದಿದೆ, ಕಿಂಡಿ ಹೋಗಿದೆ. ಹೊಸದೆಲ್ಲವೂ ಮುನ್ನಡೆಯಲ್ಲ.

ಹಳೆಯದನ್ನು ಕೊಳ್ಳುವವರು ಲೆನ್ಸನ್ನು ಪೂರ್ತಿ ಹೊರಗೆ ತಂದು, ಪೂರ್ತಿ ಒಳಗೆ ಕಳುಹಿಸಿ, ಕರಕರ ಸದ್ದಿದೆಯೇ ಕೇಳಬೇಕು. ಬಿಳಿಯ ಗೋಡೆಯ ಚಿತ್ರವೊಂದನ್ನು ತೆಗೆದು ಕಲೆಗಳಿವೆಯೇ ನೋಡಬೇಕು. ಅದರ ಬ್ಯಾಟರಿ ಮತ್ತು ಮೆಮೊರಿ ಕಾರ್ಡು ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಬೇಕು. ಇಪ್ಪತ್ತು ವರ್ಷದ ಹಿಂದಿನ ಕೆಲವು ಬಗೆಯ ಕಾರ್ಡುಗಳನ್ನು ಈಗ ಯಾರೂ ತಯಾರಿಸುವುದಿಲ್ಲ.

ಇನ್ನು ಬಳಕೆಯ ಮಾತು. ಜೂಮ್ ಏತಕ್ಕೆ ಇದೆಯೆಂಬುದು ನನಗೆ ಚೆನ್ನಾಗಿ ಮನವರಿಕೆಯಾಗುವ ಸ್ಥಳ ಬೇಲೂರು. ವಿಷ್ಣುವರ್ಧನನು 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಾಲಯದ ಮದನಿಕೆಯರು ಇರುವುದು ಸೂರಿನಡಿಯಲ್ಲಿ, ನಮ್ಮ ತಲೆಗಿಂತ ಬಹಳ ಮೇಲೆ. ಏಣಿ ಹಾಕುವಂತಿಲ್ಲ, ಕತ್ತು ನೋಯುವವರೆಗೆ ನೋಡಿದರೂ ಒಡವೆಯ ಕುಸುರಿ ಕಾಣುವುದಿಲ್ಲ. ಒಂದು ಮದನಿಕೆಯ ಮೇಲ್ಗಡೆ ಹಲಸಿನ ಹಣ್ಣಿನ ಮೇಲೆ ಕುಳಿತ ನೊಣವನ್ನೂ, ಅದಕ್ಕಾಗಿ ಹೊಂಚುತ್ತಿರುವ ಹಲ್ಲಿಯನ್ನೂ ಶಿಲ್ಪಿ ಕಡೆದಿಟ್ಟಿದ್ದಾನೆ. ಜೂಮ್ ಇಲ್ಲದವರಿಗೆ ಅದು ಮಾರ್ಗದರ್ಶಿಯ ಬಾಯಿಮಾತಾಗಿಯೇ ಉಳಿಯುತ್ತದೆ. ಇಲ್ಲಿ ಜಗತಿಯ ಅಂಚಿನವರೆಗೆ ಹಿಂದೆ ಸರಿದು ನಿಂತು, ಅಲ್ಲಿಂದ ಜೂಮ್ ಮಾಡಿ. ತೀರ ಕೆಳಗೆ ನಿಂತು ತೆಗೆದರೆ ಮದನಿಕೆಯ ಪಾದ ದೊಡ್ಡದಾಗಿ ಮುಖ ಸಣ್ಣದಾಗುತ್ತದೆ. ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಶಿಲ್ಪ ಕಪ್ಪಾಗುವುದರಿಂದ, ಬೆಳಕಿನ ಗುರುತನ್ನು ಒಂದು ಅಂಕೆ ಮೇಲಕ್ಕೆ, ಅಂದರೆ ಅಧಿಕ ಚಿಹ್ನೆಯ ಕಡೆಗೆ ಸರಿಸಿ.

ಅಲ್ಲಿಂದ ಹಳೇಬೀಡಿಗೆ ಹೋದರೆ ಪಾಠ ತಿರುಗಿ ಬೀಳುತ್ತದೆ. ಹೊಯ್ಸಳೇಶ್ವರನ ಗೋಡೆಯ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳೂ ಅದರ ಮೇಲಿನ ಪುರಾಣ ಕಥೆಗಳೂ ನಮ್ಮ ಕಾಲಿಗೂ ಕಣ್ಣಿಗೂ ನಿಲುಕುವ ಎತ್ತರದಲ್ಲಿವೆ. ಹುಲ್ಲಿನ ಮೇಲೆ ನಿಂತು ಜೂಮ್ ಮಾಡುವವರನ್ನು ನಾನು ಅಲ್ಲಿ ಕಂಡಿದ್ದೇನೆ. ಅದು ಸೋಮಾರಿತನ. ಹತ್ತಿರ ಹೋಗಿ, ಗೋಡೆಯ ಉದ್ದಕ್ಕೂ ನಡೆಯಿರಿ. ನಡೆದವನಿಗೆ ಕಥೆ ಮುಂದುವರಿಯುತ್ತದೆ, ನಿಂತವನಿಗೆ ಒಂದು ತುಣುಕು ಮಾತ್ರ ಸಿಗುತ್ತದೆ.

ಶ್ರವಣಬೆಳಗೊಳದಲ್ಲಿ ಎರಡೂ ಬೇಕು. ಗೊಮ್ಮಟನ ಪಾದದ ಬಳಿಯ ಅಂಗಳದಲ್ಲಿ 58 ಅಡಿಯ ಮೂರ್ತಿಯನ್ನು ಹಿಡಿಸಲು 24ರ ಅಗಲ ನೋಟ ಬೇಕಾಗುತ್ತದೆ. ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಹತ್ತಲಾರದ ಹಿರಿಯರು ಎದುರಿನ ಚಂದ್ರಗಿರಿಯಿಂದಲೇ, ಪ್ರಾಕಾರದ ಮೇಲೆ ಎದ್ದು ಕಾಣುವ ಆ ಮುಖವನ್ನು ಜೂಮಿನಲ್ಲಿ ಹತ್ತಿರ ತಂದುಕೊಳ್ಳಬಹುದು. ಆದರೆ ಬೆಳಿಗ್ಗೆಯೇ ಹೋಗಬೇಕು. ಮಧ್ಯಾಹ್ನ ಬಂಡೆ ಕಾದು ಗಾಳಿ ನಡುಗತೊಡಗಿದಾಗ ದೂರದ ಚಿತ್ರವೂ ನಡುಗುತ್ತದೆ. ಎಂಥ ದುಬಾರಿ ಲೆನ್ಸೂ ಬಿಸಿಗಾಳಿಯನ್ನು ಗೆಲ್ಲಲಾರದು.

ಕೈ ನಡುಗುವುದಕ್ಕೂ ಒಂದು ಹಳೆಯ ಸೂತ್ರವಿದೆ. ನಾಭಿದೂರ ಎಷ್ಟಿದೆಯೋ ಸೆಕೆಂಡಿನ ಅಷ್ಟನೆಯ ಒಂದು ಭಾಗಕ್ಕಿಂತ ಹೆಚ್ಚು ಹೊತ್ತು ಶಟರ್ ತೆರೆದಿರಬಾರದು. 24ಕ್ಕೆ ಸೆಕೆಂಡಿನ 25ನೆಯ ಒಂದು ಭಾಗ ಸಾಕು. 720ಕ್ಕೆ 800ನೆಯ ಒಂದು ಭಾಗ ಬೇಕು. ಲೆನ್ಸು ಉದ್ದವಾದಾಗ ದ್ಯುತಿರಂಧ್ರವೂ ಕಿರಿದಾಗಿ ಒಳಬರುವ ಬೆಳಕು ಸುಮಾರು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಹೀಗೆ ಬೆಳಕು ಹೆಚ್ಚು ಬೇಕಾದಾಗಲೇ ಕಡಿಮೆ ಸಿಗುತ್ತದೆ. ಈಗಿನ ಕ್ಯಾಮೆರಾಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇರುವುದರಿಂದ ಸೂತ್ರವನ್ನು ಸ್ವಲ್ಪ ಸಡಿಲಿಸಬಹುದು. ಆದರೆ ಅದು ತಡೆಯುವುದು ನಮ್ಮ ಕೈಯ ನಡುಕವನ್ನು, ಹಾರುವ ಹಕ್ಕಿಯ ರೆಕ್ಕೆಯನ್ನಲ್ಲ.

ಸೋಮನಾಥಪುರದ ಒಳಗಿನ ಭುವನೇಶ್ವರಿಗಳ ಮುಂದೆ ಜೂಮ್ ನಿಷ್ಪ್ರಯೋಜಕ, ಕತ್ತಲೆ ಅಷ್ಟಿದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ನಿಲ್ಲಿಸುವಂತಿಲ್ಲ. ಅಲ್ಲಿ ನಾನು ಮಾಡುವುದು ಇಷ್ಟು: ಜನರು ಓಡಾಡದ ಹೊತ್ತು ನೋಡಿ, ನೆಲಕ್ಕೆ ಕರವಸ್ತ್ರ ಹಾಸಿ, ಕ್ಯಾಮೆರಾವನ್ನು ಆಕಾಶ ನೋಡುವಂತೆ ಮಲಗಿಸಿ, ಲೆನ್ಸನ್ನು ಅತಿ ಅಗಲಕ್ಕೆ ತಂದು, ಎರಡು ಸೆಕೆಂಡಿನ ಟೈಮರ್ ಒತ್ತಿ ಪಕ್ಕಕ್ಕೆ ಸರಿಯುವುದು. ಕಲ್ಲಿನ ನೆಲಕ್ಕಿಂತ ಸ್ಥಿರವಾದ ಟ್ರೈಪಾಡ್ ಬೇರೆ ಯಾವುದಿದೆ?

ಉದ್ದ ಜೂಮಿಗೆ ನಿಜವಾದ ಗೌರವ ಸಿಗುವುದು ಹಕ್ಕಿಗಳ ಬಳಿ. ರಂಗನತಿಟ್ಟಿನಲ್ಲಿ ದೋಣಿಯೇ ನಮ್ಮನ್ನು ಎಷ್ಟು ಬೇಕೋ ಅಷ್ಟು ಹತ್ತಿರ ಒಯ್ಯುತ್ತದೆ; ಅದಕ್ಕಿಂತ ಹತ್ತಿರ ಹೋದರೆ ಗೂಡಿನ ತಾಯಿ ಏಳುತ್ತಾಳೆ. ಆ ಅಂತರವನ್ನು ಕಾಪಾಡಿಕೊಂಡೇ ಬಣ್ಣದ ಕೊಕ್ಕರೆಯ ಕಣ್ಣನ್ನು ನೋಡುವುದು ಜೂಮಿನ ಧರ್ಮ. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಲ್ಲಿ ಹಕ್ಕಿಗಳು ಗೂಡು ಕಟ್ಟುವುದು ಊರೊಳಗಿನ ಮರಗಳಲ್ಲಿ, ಮನೆಗಳ ನಡುವೆ. ಮರದ ಕಡೆಗೆ ಎತ್ತಿದ ಲೆನ್ಸು ಒಂದು ಮೊಳ ಕೆಳಗಿಳಿದರೆ ಯಾರದೋ ಹಿತ್ತಿಲು, ಯಾರದೋ ಬಚ್ಚಲ ಒಲೆ. ಮರದ ಮೇಲಿನವರಿಗೆ ಜೂಮ್ ಸಲ್ಲುತ್ತದೆ. ಮರದ ಕೆಳಗಿನವರಿಗೆ ಮೊದಲು ನಮಸ್ಕಾರ ಸಲ್ಲಬೇಕು.

ನಾನು ಈ ಲೇಖನವನ್ನು ಬರೆಯಲು ಕುಳಿತದ್ದು ಹೆಚ್ಚಾಗಿ ಈ ಮಾತಿಗಾಗಿಯೇ. ನಾನು ಕೆಲಸ ಮಾಡಿದ ಹಳ್ಳಿಯ ಶಾಲೆಯೊಂದು ಪ್ರವಾಸಿಗರು ಓಡಾಡುವ ರಸ್ತೆಯ ಪಕ್ಕದಲ್ಲಿತ್ತು. ಒಮ್ಮೆ ಬಿಸಿಯೂಟವಾದ ಮೇಲೆ ಮಕ್ಕಳು ತಟ್ಟೆ ತೊಳೆಯುತ್ತಿದ್ದಾಗ ರಸ್ತೆಯಾಚೆ ಕಾರು ನಿಲ್ಲಿಸಿದ ಕೆಲವರು, ಒಳಗೆ ಬಾರದೆ, ಯಾರನ್ನೂ ಮಾತನಾಡಿಸದೆ, ಉದ್ದ ಲೆನ್ಸಿನಿಂದ ಹತ್ತು ನಿಮಿಷ ಚಿತ್ರ ತೆಗೆದು ಹೊರಟುಹೋದರು. ಸಜ್ಜನರೇ ಇರಬಹುದು, ಕೆಟ್ಟ ಉದ್ದೇಶವೇನೂ ಇದ್ದಿರಲಾರದು. ಆದರೆ ಆರನೆಯ ತರಗತಿಯ ಒಬ್ಬ ಹುಡುಗಿ ನನ್ನ ಬಳಿ ಬಂದು, "ಸಾರ್, ನನ್ನ ಲಂಗ ಹರಿದಿತ್ತು. ಹೇಳಿದ್ರೆ ಹಬ್ಬದ ಲಂಗ ಹಾಕ್ಕೊಂಡು ಬರ್ತಿದ್ದೆ. ಆ ಫೋಟೋ ಯಾರ್ಯಾರು ನೋಡ್ತಾರೆ ಸಾರ್?" ಎಂದು ಕೇಳಿದಳು. ಅವಳ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ, ಕಾರಿನವರಲ್ಲಿಯೂ ಇದ್ದಿರಲಾರದು.

ತಾನು ಹೇಗೆ ಕಾಣಬೇಕೆಂಬುದನ್ನು ನಿರ್ಧರಿಸುವ ಹಕ್ಕು ಬಡವರ ಮಗುವಿಗೂ ಇದೆ. ಎದುರಿಗೆ ನಿಂತು ಕೇಳಿದ್ದರೆ ಆ ಹಕ್ಕು ಅವಳ ಕೈಯಲ್ಲಿ ಉಳಿಯುತ್ತಿತ್ತು. ಕಾಶಿಯ ಘಟ್ಟದಲ್ಲಿ ಮೀಯುತ್ತಿರುವ ಹೆಂಗಸರು, ಮಣಿಕರ್ಣಿಕೆಯಲ್ಲಿ ಚಿತೆಯ ಮುಂದೆ ನಿಂತ ಮಗ, ಸಂತೆಯಲ್ಲಿ ತೂಕಡಿಸುತ್ತಿರುವ ಮುದುಕಿ ಇವರನ್ನೆಲ್ಲ ದೋಣಿಯಿಂದಲೋ ಮಾಳಿಗೆಯಿಂದಲೋ ಜೂಮಿನಲ್ಲಿ ಹಿಡಿಯುವವರು, ಎರಡು ಮಾರು ದೂರದಲ್ಲಿ ನಿಂತಿದ್ದರೆ ಆ ಚಿತ್ರವನ್ನು ತೆಗೆಯಲು ತಮಗೆ ಧೈರ್ಯವಾಗುತ್ತಿತ್ತೇ ಎಂದು ಕೇಳಿಕೊಳ್ಳಲಿ. ಆಗುತ್ತಿರಲಿಲ್ಲವೆಂದರೆ, ಕ್ಯಾಮೆರಾ ಕೆಳಗಿಳಿಯಲಿ.

"ಕೇಳಿ ತೆಗೆದರೆ ಸಹಜತೆ ಹೋಗುತ್ತದೆ ಮೇಷ್ಟ್ರೇ" ಎಂದು ನಿಮ್ಮಲ್ಲಿ ಕೆಲವರು ವಾದಿಸುತ್ತೀರಿ. ಈ ವಾದದಲ್ಲಿ ಹುರುಳಿಲ್ಲದಿಲ್ಲ. ಕ್ಯಾಮೆರಾ ಕಂಡೊಡನೆ ನಮ್ಮವರು ತಲೆ ಸವರಿ, ಕೈಕಟ್ಟಿ, ಪೋಲೀಸರ ಮುಂದೆ ನಿಂತಂತೆ ನಿಲ್ಲುತ್ತಾರೆ. ಆದರೆ ಆ ಒಂದು ಚಿತ್ರ ತೆಗೆದು ತೋರಿಸಿ, ಕಾಲು ಗಂಟೆ ಅಲ್ಲೇ ಕುಳಿತು, ಎಲ್ಲಿಯವರು ಏನು ಎಂದು ಮಾತನಾಡಿ. ಕುಂಬಾರ ತನ್ನ ಚಕ್ರಕ್ಕೆ, ಹೂವಾಡಗಿತ್ತಿ ತನ್ನ ಮಾಲೆಗೆ ತಾವಾಗಿ ಮರಳುತ್ತಾರೆ. ಆಗ 24ರ ಅಗಲ ನೋಟದಲ್ಲಿ, ಅವರ ಅಂಗಡಿ, ಬೀದಿ, ಹಿಂದಿನ ಗೋಡೆ ಎಲ್ಲ ಸೇರಿ ಬರುವ ಚಿತ್ರ, ದೂರದಿಂದ ಕದ್ದ ಮುಖಕ್ಕಿಂತ ಹೆಚ್ಚಿನದನ್ನು ಹೇಳುತ್ತದೆ. ಬೇಡವೆಂದರೆ ಬೇಡ, ನೋಡಿದ ನೆನಪಂತೂ ನಮ್ಮದೇ.

ಕೊನೆಗೆ ಕ್ಯಾಮೆರಾದ ಆರೈಕೆ. ಹೊರಡುವ ಮುನ್ನ ದಿನಾಂಕ, ಗಂಟೆಗಳನ್ನು ಸರಿಮಾಡಿ. ಹೊರದೇಶಕ್ಕೆ ಹೋಗುವವರು ಅಲ್ಲಿಯ ಗಂಟೆಗೆ ಬದಲಾಯಿಸಿ. ಇನ್ನೊಂದು ಬ್ಯಾಟರಿ ಇರಲಿ. ಒಂದು ದೊಡ್ಡ ಕಾರ್ಡಿಗಿಂತ ಎರಡು ಚಿಕ್ಕ ಕಾರ್ಡು ಲೇಸು. ಒಂದು ಕಳೆದರೆ ಅರ್ಧ ಪ್ರವಾಸವಾದರೂ ಉಳಿಯುತ್ತದೆ. ಗೋಕರ್ಣ, ಮಲ್ಪೆಗಳ ಮರಳಿನಲ್ಲಿ ಎಚ್ಚರ. ಒಳಗೆ ಹೊರಗೆ ಚಲಿಸುವ ಲೆನ್ಸಿನ ಸಂದಿಗೆ ಮರಳಿನ ಕಣ ಹೊಕ್ಕರೆ ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮಲೆನಾಡಿನ ಮತ್ತು ಕರಾವಳಿಯ ನೆಂಟರು ಮಳೆಗಾಲದಲ್ಲಿ ಅದನ್ನು ಚರ್ಮದ ಚೀಲದಲ್ಲಿಟ್ಟು ಬೀರುವಿಗೆ ಸೇರಿಸಬೇಡಿ. ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ.

ಊರಿಗೆ ಬಂದ ಮೇಲೆ ಸಾವಿರ ಚಿತ್ರಗಳಲ್ಲಿ ಮೂವತ್ತನ್ನು ಆರಿಸಿ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಊರು, ದಿನಾಂಕ, ಚಿತ್ರದಲ್ಲಿರುವವರ ಹೆಸರು ಬರೆಯಿರಿ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ಕಲ್ಲಿನ ಮೇಲೆ ಹೆಸರು ಕೆತ್ತಿದ್ದರಿಂದಲೇ ಇಂದು ನಾವು ಅವರನ್ನು ಗುರುತಿಸಿ ಕರೆಯಬಲ್ಲೆವು. ನೀವು ಚಿತ್ರ ತೆಗೆದ ಕುಂಬಾರನ ಹೆಸರು ನಿಮಗೆ ಗೊತ್ತಿದ್ದರೆ ನೀವು ಅವನ ಹತ್ತಿರ ಹೋಗಿದ್ದಿರಿ ಎಂದೇ ಅರ್ಥ. ಸಾಧ್ಯವಾದರೆ ಒಂದು ಪ್ರತಿಯನ್ನು ಅವನಿಗೂ ಅಂಚೆಯಲ್ಲಿ ಕಳುಹಿಸಿ. ಆ ಮನೆಯ ಗೋಡೆಯ ಮೇಲೆ ಅದು ನಿಮ್ಮ ಮನೆಯಲ್ಲಿರುವುದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ.

ಹೊರಟವರೆಲ್ಲರಿಗೂ ಶುಭ ಪ್ರಯಾಣ. ಚಿತ್ರಗಳನ್ನು ತೋರಿಸಲು ಬರುವಾಗ ಮಕ್ಕಳನ್ನೂ ಕರೆದುಕೊಂಡು ಬನ್ನಿ.